ಲಾಟ್ವಿಯಾದ ಜೋಡಿಯ ಸದ್ದು ಇಳಿಸಿದವನು

ಲಾಟ್ವಿಯಾ ಎಂಬ ದೇಶ ಎಲ್ಲಿದೆಯೆಂದು ನನಗೆ ಗೊತ್ತಿರಲಿಲ್ಲ. ಅಲ್ಲಿಂದ ಇಬ್ಬರು ರಾಕ್ ಸಂಗೀತಗಾರರು ಚಳಿಗಾಲಕ್ಕೆ ನಮ್ಮ ಹೋಟೆಲಿಗೆ ಬರುತ್ತಾರೆ ಎಂದು ಮ್ಯಾನೇಜರ್ ಹೇಳಿದಾಗ ನಾನು ಕೇಳಿದ ಮೊದಲ ಪ್ರಶ್ನೆ, ಅವರು ತುಂಬ ಗಲಾಟೆ ಮಾಡುತ್ತಾರೆಯೇ ಎಂದು. ಯಾವ ಸುದ್ದಿ ಬಂದರೂ ಅದರಲ್ಲಿ ನನಗೆ ಆಗಬಹುದಾದ ತೊಂದರೆ ಯಾವುದು ಎಂದು ಮೊದಲು ಹುಡುಕುವುದು ನನ್ನ ಅಭ್ಯಾಸ. ಐವತ್ತರ ಹತ್ತಿರ ಬಂದ ಮೇಲೆ ಈ ಕಲೆಯಲ್ಲಿ ಚೆನ್ನಾಗಿ ಪಳಗಿದ್ದೇನೆ. ಆಕಾಶ ಶುಭ್ರವಾಗಿದ್ದರೆ ನಾಳೆ ಧೂಳಿನ ಗಾಳಿ ಏಳಬಹುದು ಎನ್ನುತ್ತೇನೆ. ಮಗಳು ಒಳ್ಳೆಯ ಅಂಕ ತಂದರೆ ಪ್ರಶ್ನೆಪತ್ರಿಕೆ ಸುಲಭ ಇತ್ತೇನೋ ಎನ್ನುತ್ತೇನೆ. ಅವಳು ಇಂಗ್ಲಿಷಿನಲ್ಲಿ ಏನೋ ಅಂದು ಕೋಣೆಯ ಬಾಗಿಲು ಹಾಕಿಕೊಳ್ಳುತ್ತಾಳೆ.

ನಾನು ಕುವೈತಿನ ಫಿಂಟಾಸಿನಲ್ಲಿ, ಸಮುದ್ರದ ಬದಿಯ ಆ ಹೋಟೆಲಿನಲ್ಲಿ, ಬ್ಯಾಂಕ್ವೆಟ್ ಸೂಪರ್‌ವೈಸರ್. ಕುರ್ಚಿ ಸಾಲು ಮಾಡಿಸುವುದು, ಮೇಜಿನ ಬಟ್ಟೆಗೆ ಇಸ್ತ್ರಿ ಆಗಿದೆಯೇ ನೋಡುವುದು, ಮದುವೆಯ ಊಟದಲ್ಲಿ ಅನ್ನದ ತಟ್ಟೆ ಬರಿದಾಗುವ ಮೊದಲೇ ಹೆದರುವುದು ನನ್ನ ಕೆಲಸ. ಕೆಲಸಕ್ಕೆ ಅರ್ಜಿ ಹಾಕುವಾಗ, ಊರಿನಲ್ಲಿ ಸೋದರಮಾವನ ಮೈಕ್ ಸೆಟ್ಟಿನ ಅಂಗಡಿಯಲ್ಲಿ ಮೂರು ವರ್ಷ ಇದ್ದೆ ಎಂದು ಒಂದು ಸಾಲು ಬರೆದುಬಿಟ್ಟಿದ್ದೆ. ಆ ಸಾಲಿನ ಪುಣ್ಯದಿಂದ ಹೋಟೆಲಿನ ಸೌಂಡ್ ಸಿಸ್ಟಮ್ ಕೂಡ ನನ್ನ ತಲೆಗೆ ಬಂತು. ಮಾವನ ಶಾಸ್ತ್ರ ಸರಳವಾಗಿತ್ತು. ತೆಂಗಿನ ಮರಕ್ಕೆ ಹಾರ್ನ್ ಕಟ್ಟಬೇಕು, ಹೊಳೆಯ ಆಚೆಯವರಿಗೆ ಕೇಳಿಸಬೇಕು. ಕುವೈತಿನಲ್ಲಿ ನಾನು ಕಲಿತದ್ದು ಅದರ ತದ್ವಿರುದ್ಧ. ಪಕ್ಕದ ಮೇಜಿನವರಿಗೂ ಕೇಳಿಸಬಾರದು.

ಬಂದ ಇಬ್ಬರಿಗೂ ಐವತ್ತು ದಾಟಿತ್ತು. ಒಬ್ಬ ಗಿಟಾರ್ ಬಾರಿಸಿಕೊಂಡು ಹಾಡುವವನು. ಉದ್ದಕ್ಕೆ, ತೆಳ್ಳಗೆ, ಅರ್ಧ ಬಿಳಿಯಾದ ಕೂದಲನ್ನು ಹಿಂದೆ ಕಟ್ಟಿದವನು. ಇನ್ನೊಬ್ಬ ಡ್ರಮ್ ಬಾರಿಸುವವನು. ಗಿಡ್ಡ, ಅಗಲ ಭುಜ, ಮಾತಿಗೊಮ್ಮೆ ನಗು. ಇವರಿಬ್ಬರೇ ಸೇರಿ ಒಂದು ಬ್ಯಾಂಡ್ ಎಂದು ಕೇಳಿ ಮ್ಯಾನೇಜರನಿಗೆ ಖುಷಿಯಾಗಿತ್ತು, ಎರಡೇ ವೀಸಾ ಸಾಕಲ್ಲ. ನನ್ನನ್ನು ಅಡುಗೆಯವರೆಲ್ಲ ಭಾಯಿ ಎನ್ನುವುದನ್ನು ಕೇಳಿ ಇವರೂ ಭಾಯಿ ಎನ್ನತೊಡಗಿದರು. ಅದೇ ನನ್ನ ಹೆಸರೆಂದು ಕೊನೆಯವರೆಗೂ ತಿಳಿದಿದ್ದರೋ ಏನೋ.

ಅಡುಗೆಮನೆಯ ಹಿಂದೆ, ತರಕಾರಿ ಲಾರಿ ನಿಲ್ಲುವ ಕಟ್ಟೆಯ ಮೇಲೆ ಇಬ್ಬರೂ ಸಂಜೆಗೆ ಮೊದಲು ಸಿಗರೇಟು ಸೇದುತ್ತಿದ್ದರು. ನಾನು ಸೇದುವುದಿಲ್ಲ; ಬೆಂಕಿ ಹತ್ತಿಕೊಂಡೀತು ಎಂದು ಕಾಯುತ್ತ ಜೊತೆಗೆ ನಿಲ್ಲುತ್ತಿದ್ದೆ. ಅವರ ಚರಿತ್ರೆಯೆಲ್ಲ ನನಗೆ ಆ ಕಟ್ಟೆಯಲ್ಲೇ ತಿಳಿದದ್ದು. ಒಂದೇ ಶಾಲೆ, ಒಂದೇ ಬೆಂಚು. ಶಾಲೆಗೆ ಬಿಸಿನೀರು ಕಾಯಿಸುವ ನೆಲಮಾಳಿಗೆಯಲ್ಲಿ ಅಭ್ಯಾಸ ಮಾಡುತ್ತಿದ್ದರಂತೆ, ಅಲ್ಲಿ ಮಾತ್ರ ಬೆಚ್ಚಗಿತ್ತೆಂದು. ಮೂರನೆಯವನೊಬ್ಬ ಸೇರಬೇಕಿತ್ತು. ಅವನು ಐರ್ಲೆಂಡಿಗೆ ಅಣಬೆ ಕೀಳುವ ಕೆಲಸಕ್ಕೆ ಹೋದ. ಇಬ್ಬರೇ ಸಾಕು ಎಂದುಕೊಂಡರು. ಒಂದು ಹಾಡು ಅವರ ದೇಶದ ರೇಡಿಯೋದಲ್ಲಿ ಒಂದು ಇಡೀ ಚಳಿಗಾಲ ಬಂತು. ಬಸ್ ನಿಲ್ದಾಣದಲ್ಲಿ ಜನ ಅದನ್ನು ಗುನುಗುತ್ತಿದ್ದರು. ಬೇಸಿಗೆಯ ನಡುವೆ ಕತ್ತಲೆಯೇ ಆಗದ ಒಂದು ದಿನ ಅಲ್ಲಿ ಹಬ್ಬವಿದೆಯಂತೆ, ಬೆಂಕಿ ಹಾಕಿ ಹಾಡುತ್ತಾರಂತೆ. ಅಂಥ ಒಂದು ಹಬ್ಬದಲ್ಲಿ ನದಿಯ ದಡದ ತುಂಬ ಜನ ಇವರ ಹಾಡನ್ನು ಇವರಿಗಿಂತ ಜೋರಾಗಿ ಹಾಡಿದರು. ಅಷ್ಟೇ. ಅದರ ನಂತರ ಹಾಡು ಕೇಳುವವರೇ ಒಬ್ಬೊಬ್ಬರಾಗಿ ಅಣಬೆ ಕೀಳಲು ಹೊರಟರು. ಇವರು ತಣ್ಣಗಿನ ಬಂದರುಗಳ ನಡುವೆ ಓಡಾಡುವ ಹಡಗಿನಲ್ಲಿ ಊಟದ ಹೊತ್ತಿಗೆ ಬಾರಿಸಿದರು, ಆಮೇಲೆ ಹೋಟೆಲುಗಳಲ್ಲಿ, ಆಮೇಲೆ ನಮ್ಮಲ್ಲಿ.

ಇಲ್ಲಿಂದ ಮುಂದೆ ಎಲ್ಲಿಗೆ ಎಂದು ನಾನು ಕೇಳಿದೆ. ನನ್ನ ಕುತೂಹಲಗಳೆಲ್ಲ ಹೀಗೇ.

“ಇಲ್ಲಿಂದ ಮುಂದೆ ಮರುಭೂಮಿ ಭಾಯಿ,” ಎಂದು ಡ್ರಮ್ಮಿನವನು ಸಮುದ್ರಕ್ಕೆ ಬೆನ್ನು ಹಾಕಿ ಕೈ ತೋರಿಸಿ ನಕ್ಕ. ಗಿಟಾರಿನವನು ನಗಲಿಲ್ಲ.

ಮೊದಲ ಚಳಿಗಾಲ ಅವರು ಬಾರಿಸಿದ್ದು ನನ್ನ ಕಿವಿಯಲ್ಲಿ ಈಗಲೂ ಇದೆ. ನನಗೆ ರಾಕ್ ಸಂಗೀತದ ಗಂಧವಿಲ್ಲ. ಆದರೂ ಆ ಇಬ್ಬರ ನಡುವೆ ಮೂರನೆಯವನೊಬ್ಬ ಇದ್ದಾನೆ ಎನಿಸುತ್ತಿತ್ತು, ಅಷ್ಟು ತುಂಬಿಕೊಂಡ ಸದ್ದು. ಕೇಳುವವರು ಕುಟುಂಬ ಸಮೇತ ಬಂದವರು, ಗ್ರಿಲ್ ಮಾಡಿದ ಮೀನು, ನಿಂಬೆ ಪುದೀನ ಶರಬತ್ತು. ನಮ್ಮ ಹೋಟೆಲಿನಲ್ಲಿ ಯಾರೂ ಎದ್ದು ಕುಣಿಯುವಂತಿಲ್ಲ. ಯಾರಾದರೂ ಕುರ್ಚಿಯಿಂದ ಎದ್ದು ಭುಜ ಅಲುಗಿಸಿದರೆ ಅವರ ಬಳಿ ಹೋಗಿ, ಸರ್, ದಯವಿಟ್ಟು ಕುಳಿತುಕೊಳ್ಳಿ ಎನ್ನಬೇಕಾದವನು ನಾನೇ. ಇಬ್ಬರು ಬೆವರು ಹರಿಸಿ ಜನರನ್ನು ಎಬ್ಬಿಸುವುದು, ಒಬ್ಬ ಟೈ ಕಟ್ಟಿಕೊಂಡು ಅವರನ್ನು ಕೂರಿಸುವುದು. ನಾವು ಮೂವರೂ ಒಂದೇ ಹೋಟೆಲಿನ ಊಟ ಮಾಡುತ್ತಿದ್ದೆವು.

ಒಂದು ದಿನ ಒಬ್ಬ ಅತಿಥಿ, ಮಗು ಮಲಗಿದೆ, ಸ್ವಲ್ಪ ಕಡಿಮೆ ಮಾಡಿದರೆ ಒಳ್ಳೆಯದು ಎಂದರು. ಒಳ್ಳೆಯ ಮಾತಿನಲ್ಲೇ ಹೇಳಿದರು. ಮ್ಯಾನೇಜರ್ ನನ್ನ ಕಡೆ ತಿರುಗಿ, ನೋಡಿಕೋ ಎಂದ. ಅಷ್ಟೇ ಅವನು ಹೇಳಿದ್ದು. ಉಳಿದದ್ದನ್ನು ನಾನೇ ಸೇರಿಸಿಕೊಂಡೆ. ಇನ್ನೊಂದು ದೂರು ಬಂದರೆ ಕೆಲಸ ಖಲಾಸ್, ಕೆಲಸ ಹೋದರೆ ಈ ದೇಶದಲ್ಲಿ ಇರಲು ಕೊಟ್ಟ ಇಕಾಮಾ ಹೋಯಿತು, ಇಕಾಮಾ ಹೋದರೆ ಮಗಳ ಶಾಲೆ, ಖೈತಾನಿನ ಮನೆ, ಹೆಂಡತಿಯ ಮುಖ. ಮೇಜುಗಳ ನಡುವೆ ನಡೆದು ಸರ್ವಿಸ್ ಕಾರಿಡಾರಿಗೆ ಹೋಗುವಷ್ಟರಲ್ಲಿ ನಾನು ಸಂಸಾರ ಸಮೇತ ವಿಮಾನ ಹತ್ತಿಯಾಗಿತ್ತು.

ಆ ಕಾರಿಡಾರಿನಲ್ಲಿ ಒಂದು ಕಪಾಟು ಇದೆ. ಆಂಪ್ಲಿಫೈಯರ್ ಇರುವುದು ಅದರಲ್ಲಿ, ಕೀಲಿ ನನ್ನ ಬಳಿ. ವೇದಿಕೆಯ ಮೇಲೆ ದೊಡ್ಡ ಸ್ಪೀಕರ್ ಇಡಲು ಹೋಟೆಲಿನವರು ಬಿಟ್ಟಿರಲಿಲ್ಲ. ಹಾಗಾಗಿ ಗಿಟಾರೂ ಹಾಡೂ ವೇದಿಕೆಯ ಬದಿಯ ಸೌಂಡ್ ಮಿಕ್ಸರಿಗೆ ಹೋಗಿ, ಅಲ್ಲಿಂದ ಈ ಕಪಾಟಿಗೆ ಬಂದು, ಮತ್ತೆ ಜನರ ಕಡೆಯ ಸ್ಪೀಕರಿಗೂ ಇವರಿಬ್ಬರ ಕಾಲ ಬಳಿಯ ಪುಟ್ಟ ಸ್ಪೀಕರಿಗೂ ಹೋಗುತ್ತಿತ್ತು. ಗಿಟಾರಿನವನಿಗೆ ತನ್ನ ದನಿ ತನಗೆ ಕೇಳುತ್ತಿದ್ದುದು ಈ ಕಪಾಟಿನ ದಯೆಯಿಂದ. ಡ್ರಮ್ಮಿಗೆ ಮಾತ್ರ ಯಾವ ತಂತಿಯೂ ಇರಲಿಲ್ಲ. ಅದರ ಸದ್ದು ಅದರದೇ.

ನಾನು ಆಂಪ್ಲಿಫೈಯರಿನ ವಾಲ್ಯೂಮನ್ನು ಒಂದು ಗೆರೆ ಇಳಿಸಿದೆ. ಯಾರಿಗೂ ತಿಳಿಯಲಿಲ್ಲ. ದೂರೂ ಬರಲಿಲ್ಲ. ಮುಂದಿನ ವಾರ, ಏನೂ ಆಗಿಲ್ಲದಿದ್ದರೂ, ಮುಂಜಾಗ್ರತೆಗೆ ಇನ್ನೊಂದು ಗೆರೆ. ನನ್ನ ಬಿಪಿಗೆಂದು ಹೆಂಡತಿ ಸಾರಿನಲ್ಲಿ ಉಪ್ಪನ್ನು ದಿನಕ್ಕೊಂದು ಚಿಟಿಕೆಯಂತೆ ಕಡಿಮೆ ಮಾಡಿದ್ದು ನನಗೆ ಆರು ತಿಂಗಳು ತಿಳಿದಿರಲಿಲ್ಲ. ನಾನೂ ಅಂಥ ಒಂದು ಒಳ್ಳೆಯ ಕೆಲಸ ಮಾಡುತ್ತಿದ್ದೇನೆ ಎಂದುಕೊಂಡೆ.

ಎರಡನೆಯ ಚಳಿಗಾಲಕ್ಕೆ ಅವರು ಮರಳಿ ಬಂದಾಗ ಆಂಪ್ಲಿಫೈಯರ್ ನಾನು ಬಿಟ್ಟಲ್ಲೇ ಇತ್ತು. ಮೊದಲಿನ ಮಟ್ಟ ಯಾವುದೆಂದು ನನಗೇ ಮರೆತುಹೋಗಿತ್ತು. ಅಲ್ಲಿಂದಲೂ ಇಳಿಸಿದೆ. ಒಂದು ಮೇಜಿನವರು ಪರಸ್ಪರ ಬಾಗಿ ಮಾತನಾಡಿದರೆ ಒಂದು ಗೆರೆ. ದೊಡ್ಡ ಮನುಷ್ಯರೊಬ್ಬರು ಹುಬ್ಬು ಗಂಟಿಕ್ಕಿದರೆ ಒಂದು ಗೆರೆ. ಅವರು ಬಿಲ್ಲು ಓದುತ್ತಿದ್ದರು ಎಂದು ಆಮೇಲೆ ಗೊತ್ತಾಯಿತು.

ಗಿಟಾರಿನವನು ಡ್ರಮ್ ಜೋರಾಗಿದೆ ಎಂದು ಮೊದಲು ಹೇಳಿದ್ದು ಆ ವರ್ಷ. ಇನ್ನೊಬ್ಬ ನಕ್ಕು, ಡ್ರಮ್ಮಿನ ಮೇಲೆ ಹೋಟೆಲಿನ ಟವೆಲ್ ಹಾಸಿಕೊಂಡ. ಟವೆಲನ್ನು ಕೊಟ್ಟವನೂ ನಾನೇ. ಕೆಲವು ದಿನಗಳ ನಂತರ ಮತ್ತೆ ಅದೇ ಮಾತು. ಕೋಲು ಬಿಟ್ಟು ತಂತಿಯ ಕುಂಚ ಹಿಡಿದ. ಮತ್ತೆ ಅದೇ ಮಾತು. ಗಿಟಾರಿನವನು ಶಿಸ್ತಿನ ಮನುಷ್ಯ. ಮೊದಲ ವರ್ಷವೇ ಮಿಕ್ಸರಿನ ಬದಿಗೆ ಬಿಳಿ ಟೇಪು ಅಂಟಿಸಿ, ತನ್ನ ಗಿಟಾರಿಗೂ ದನಿಗೂ ಸರಿಹೊಂದಿದ ಜಾಗದಲ್ಲಿ ಕಪ್ಪು ಗುರುತು ಹಾಕಿದ್ದ. ಪ್ರತಿದಿನ ಬಂದು ಬಗ್ಗಿ ನೋಡುತ್ತಿದ್ದ. ಗುರುತು ಇದ್ದಲ್ಲೇ ಇರುತ್ತಿತ್ತು. ಅದರ ಹಿಂದೆ, ಗೋಡೆಯಾಚೆ, ಬೀಗ ಹಾಕಿದ ಕಪಾಟಿನಲ್ಲಿ ಇನ್ನೊಂದು ಗುಂಡಿ ಇದೆ ಎಂದು ಅವನಿಗೇಕೆ ಹೊಳೆಯಬೇಕು? ಗೆಳೆಯನನ್ನು ಕರೆದು ಟೇಪು ತೋರಿಸುತ್ತಿದ್ದ. ನೋಡು, ನನ್ನದು ಅಲ್ಲೇ ಇದೆ, ಬದಲಾದದ್ದು ನೀನು.

ಭಾಯಿ, ನೀನು ಏನಾದರೂ ಮುಟ್ಟಿದೆಯಾ ಎಂದು ಒಮ್ಮೆ ಕೇಳಿದ. ಮಿಕ್ಸರನ್ನೇ, ಎಂದು ನಾನು ಕೇಳಿದೆ. ಹೌದು ಎಂದ. ಇಲ್ಲ, ಎಂದೆ. ಸತ್ಯವನ್ನೇ ಹೇಳಿದೆ, ಸತ್ಯ ಹೇಳುವುದರಲ್ಲಿ ನನಗೆ ಇಷ್ಟು ಜಾಣತನ ಇದೆಯೆಂದು ಆ ದಿನದವರೆಗೆ ಗೊತ್ತಿರಲಿಲ್ಲ.

ಮೂರನೆಯ ಚಳಿಗಾಲ ಅವರು ಬೇರೆಬೇರೆ ವಿಮಾನದಲ್ಲಿ ಬಂದರು. ಲಾರಿ ಕಟ್ಟೆಯಲ್ಲಿ ಒಬ್ಬ ಸೇದಿ ಹೋದ ಮೇಲೆ ಇನ್ನೊಬ್ಬ ಬರುತ್ತಿದ್ದ. ಯಾವ ಹಾಡು ಮೊದಲು, ಯಾವುದು ಆಮೇಲೆ ಎಂಬುದನ್ನು ನನ್ನ ಮೂಲಕ ಹೇಳಿ ಕಳಿಸತೊಡಗಿದರು. ಗಿಟಾರಿನವನು ಹಾಡುವುದು ಬಿಟ್ಟು ಕಿರುಚುತ್ತಿದ್ದ, ಕುತ್ತಿಗೆಯ ನರ ಎದ್ದು ಕಾಣುತ್ತಿತ್ತು. ಬಿಡುವಿನಲ್ಲಿ ಬಿಸಿನೀರಿಗೆ ಜೇನು ಹಾಕಿ ಕುಡಿಯುತ್ತ, ಭಾಯಿ, ನನ್ನ ಕಿವಿ ಹೋಗುತ್ತಿದೆ, ಒಬ್ಬ ಡಾಕ್ಟರನ್ನು ಹೇಳು ಎಂದ. ಕುವೈತಿನಲ್ಲಿ ಯಾರಿಗೆ ಡಾಕ್ಟರು ಬೇಕಾದರೂ ಮೊದಲು ನಮ್ಮವರನ್ನೇ ಕೇಳುತ್ತಾರೆ. ನನ್ನ ಹೆಂಡತಿ ಒಂದು ಕ್ಲಿನಿಕ್ಕಿನಲ್ಲಿ ನರ್ಸು. ಅಲ್ಲಿಗೇ ಕರೆದುಕೊಂಡು ಹೋದೆ. ಕಿವಿಗೆ ಹೆಡ್‌ಫೋನು ಹಾಕಿ, ಗಾಜಿನ ಕೋಣೆಯಲ್ಲಿ ಕೂರಿಸಿ ಪರೀಕ್ಷೆ ಮಾಡಿದರು. ತೆಳುವಾದ ಸದ್ದುಗಳು ಕೊಂಚ ಕಡಿಮೆ ಕೇಳುತ್ತವೆ, ಜೋರು ಸದ್ದಿನಿಂದ ದೂರವಿರಿ ಎಂದು ಡಾಕ್ಟರು ಹೇಳಿದರು. ಅವನು ಕಾಗದವನ್ನು ಮಡಚಿ ಅಂಗಿಯ ಜೇಬಿಗೆ ಹಾಕಿದ. ನನಗಾದ ನಿರಾಳವನ್ನು ಹೇಳಲು ನಾಚಿಕೆಯಾಗುತ್ತದೆ. ಮೂರು ವರ್ಷದ ನನ್ನ ಕಿತಾಪತಿಗೆ ಒಬ್ಬ ಡಾಕ್ಟರು ಸೀಲು ಹಾಕಿಕೊಟ್ಟಂತಾಯಿತು.

ಅದು ಹೆಚ್ಚು ಹೊತ್ತು ಉಳಿಯಲಿಲ್ಲ. ಸಂಜೆ ಹೆಂಡತಿಯನ್ನು ಕಾರಿನಲ್ಲಿ ಖೈತಾನಿಗೆ ಕರೆದುಕೊಂಡು ಬರುವಾಗ ಅವಳು, ಹೇಳಬಾರದಾದರೂ ಹೇಳಿದಳು.

“ಅವರ ಕಿವಿಗೆ ಅಂಥದ್ದೆಂಥದೂ ಆಗ್ಲಿಲ್ಲ ಮಾರಾಯ್ರೆ. ಪ್ರಾಯಕ್ಕೆ ತಕ್ಕ ಹಾಗೆ ಉಂಟು. ನಿಮ್ಮದನ್ನು ನೋಡಿದ್ರೆ ಇದಕ್ಕಿಂತ ಕಡಿಮೆ ಬಂದೀತು.”

ರಸ್ತೆಯಲ್ಲಿ ಕಾರುಗಳು ನಿಂತೇ ಇದ್ದವು. ಬೇರೆಲ್ಲಿಗೂ ಹೋಗುವಂತಿರಲಿಲ್ಲ. ನಾನು ಕಪಾಟಿನ ವಿಷಯ ಹೇಳಿದೆ. ಅವಳು ಮುಂದಿನ ಕಾರಿನ ಕೆಂಪು ದೀಪ ನೋಡುತ್ತ ಕೇಳಿಸಿಕೊಂಡಳು.

“ನೀವು ಎಂಥ ಜನ,” ಎಂದಳು ಕೊನೆಗೆ. “ನಾಳೆಯೇ ಹೋಗಿ ಹೇಳಿ.”

“ಕೆಲಸ ಹೋದ್ರೆ?”

“ಹೋದ್ರೆ ಹೋಗ್ತದೆ. ಅವರಿಬ್ರು ಸಣ್ಣದಿರುವಾಗಿಂದ ಒಟ್ಟಿಗೆ ಇದ್ದವರಂತೆ, ಈಗ ಮಾತು ಬಿಟ್ಟಿದ್ದಾರೆ ಅಂತ ನೀವೇ ಹೇಳಿದ್ದಲ್ವಾ? ಇನ್ನು ಎಂಥ ಹೋಗ್ಲಿಕ್ಕೆ ಉಂಟು ಅಂತ ಕಾಯ್ತೀರಿ?”

ಮರುದಿನ ಹೇಳಲಿಲ್ಲ. ಹೇಳದೆಯೇ ಸರಿಮಾಡುವ ದಾರಿಯೊಂದನ್ನು ಕಂಡುಹಿಡಿದೆ. ಹೇಗೆ ಇಳಿಸಿದೆನೋ ಹಾಗೇ ವಾರಕ್ಕೊಂದು ಗೆರೆಯಂತೆ ಏರಿಸಿಬಿಡುವುದು. ಚಳಿಗಾಲ ಮುಗಿಯುವಷ್ಟರಲ್ಲಿ ಅವನ ಕಿವಿ ತಾನಾಗಿಯೇ ವಾಸಿಯಾಗುತ್ತದೆ, ಇಬ್ಬರೂ ಒಂದಾಗುತ್ತಾರೆ, ಕ್ಲಿನಿಕ್ಕಿಗೆ ಒಳ್ಳೆಯ ಹೆಸರು ಬರುತ್ತದೆ. ಕಪಾಟು ತೆಗೆದು ಒಂದು ಗೆರೆ ಏರಿಸಿದೆ. ಹೊರಗೆ ಬಂದು ನೋಡಿದರೆ ಕಿಟಕಿಯ ಬಳಿಯ ಹೆಂಗಸೊಬ್ಬರು ಕಿವಿಗೆ ಬೆರಳು ಹಾಕಿಕೊಂಡಿದ್ದರು. ಓಡಿ ಹೋಗಿ ಎರಡು ಗೆರೆ ಇಳಿಸಿದೆ. ಮತ್ತೆ ಬಂದು ನೋಡಿದಾಗ ಅವರು ಓಲೆಯ ತಿರುಪು ಸರಿಮಾಡಿಕೊಳ್ಳುತ್ತಿದ್ದರು.

ಅದರ ಮುಂದಿನ ಶುಕ್ರವಾರ ಮಧ್ಯಾಹ್ನದ ಊಟಕ್ಕೆ ಹೋಟೆಲು ತುಂಬಿತ್ತು. ಅವರು ತಮ್ಮ ಹಳೆಯ ರೇಡಿಯೋ ಹಾಡನ್ನು ಎತ್ತಿಕೊಂಡಿದ್ದರು. ವಾರಕ್ಕೆ ಒಂದು ಬಾರಿ ಮಾತ್ರ ಅದನ್ನು ತಮ್ಮದೇ ಭಾಷೆಯಲ್ಲಿ ಹಾಡುತ್ತಿದ್ದರು. ನಡುವೆ ಗಿಟಾರಿನವನು ಕೈ ನಿಲ್ಲಿಸಿದ. ಹಿಂದಕ್ಕೆ ತಿರುಗಿ, ಮೈಕಿನಿಂದ ದೂರ ನಿಂತು, ಮೆಲ್ಲಗೆ ಏನೋ ಹೇಳಿದ. ಎರಡು ವಾಕ್ಯ ಇದ್ದೀತು. ಡ್ರಮ್ಮಿನವನು ಕುಂಚಗಳನ್ನು ಟವೆಲಿನ ಮೇಲೆ ಜೋಡಿಸಿ ಇಟ್ಟ, ಎದ್ದ, ಅಡುಗೆಮನೆಯ ಬಾಗಿಲಿನಿಂದ ಹೊರಗೆ ಹೋದ. ಊಟಕ್ಕೆ ಕುಳಿತವರು ಹಾಡು ಮುಗಿಯಿತೆಂದು ಚಪ್ಪಾಳೆ ತಟ್ಟಿದರು.

ನಾನು ಹಿಂದೆಯೇ ಹೋದೆ. ಅವನು ಕಟ್ಟೆಯ ಮೇಲೆ ಕುಳಿತಿದ್ದ, ಸಿಗರೇಟು ಹಚ್ಚಿರಲಿಲ್ಲ. ಏನೆಂದ ಎಂದು ಕೇಳಿದೆ. ಇಂಗ್ಲಿಷಿನಲ್ಲಿ ಒಂದೊಂದೇ ಪದ ಹುಡುಕಿ ಹೇಳಿದ.

“ಮೂವತ್ತು ವರ್ಷ ನಾನು ಒಬ್ಬನೇ ಹಾಡಿದೆ, ನೀನು ಬರೀ ಗದ್ದಲ. ಹಾಗಂದ.”

ನಾನು ಬಾಯಿ ತೆರೆದೆ. ಆಗ ಒಳಗಿನಿಂದ ಮ್ಯಾನೇಜರ್ ನನ್ನನ್ನು ಕರೆದ, ಯಲ್ಲಾ, ಬೇಗ ಬಾ, ಬಫೆಯಲ್ಲಿ ಅನ್ನ ಮುಗಿದಿದೆ ಎಂದು. ನಾನು ಅನ್ನ ತರಿಸಲು ಹೋದೆ. ಒಂದು ನಿಮಿಷ ನಿಲ್ಲು ಎಂದು ಮ್ಯಾನೇಜರನಿಗೆ ಹೇಳಬಹುದಿತ್ತು. ಹೇಳಬಹುದಿತ್ತು ಎಂಬುದನ್ನು ಅಂದಿನಿಂದ ಎಷ್ಟು ಸಲ ಹೇಳಿಕೊಂಡಿದ್ದೇನೋ. ಎರಡು ದಿನದಲ್ಲಿ ಡ್ರಮ್ಮಿನವನು ಊರಿಗೆ ಹೊರಟುಹೋದ. ನನ್ನ ಪಾಳಿ ಮುಗಿಯುವವರೆಗೆ ಕಾಯಲಿಲ್ಲ. ಟವೆಲುಗಳನ್ನು ಮಡಚಿ ಕುರ್ಚಿಯ ಮೇಲೆ ಇಟ್ಟಿದ್ದ.

ಕರಾರಿನ ಉಳಿದ ಮೂರು ವಾರ ಗಿಟಾರಿನವನು ಒಬ್ಬನೇ ಬಾರಿಸಿದ. ಅಂಗೈ ಅಗಲದ ಒಂದು ಯಂತ್ರ ತಂದಿದ್ದ, ಅದು ಡ್ರಮ್ಮಿನ ಸದ್ದು ಮಾಡುತ್ತಿತ್ತು. ಅದರ ತಂತಿಯೂ ಮಿಕ್ಸರಿಗೇ ಹೋಗಿ, ಅಲ್ಲಿಂದ ನನ್ನ ಕಪಾಟಿಗೆ ಬರುತ್ತಿತ್ತು. ಈಗ ಎಲ್ಲವೂ ಒಂದೇ ಅಳತೆಯಲ್ಲಿ ಇಳಿದಿದ್ದವು. ಮೊದಲ ದಿನವೇ ಅವನು ನನ್ನ ಬಳಿ ಬಂದು ಭುಜ ಹಿಡಿದ. ಮುಖದಲ್ಲಿ ಎಷ್ಟೋ ದಿನಗಳ ನಂತರ ನಗು.

“ಕೇಳಿದೆಯಾ ಭಾಯಿ? ಈಗ ನನ್ನ ದನಿ ನನಗೆ ಕೇಳುತ್ತಿದೆ. ನನ್ನ ಕಿವಿಯದು ತಪ್ಪಲ್ಲ. ಅವನದೇ.”

ಆ ಮೂರು ವಾರ ನನಗೆ ಸರಿಯಾಗಿ ಊಟ ಸೇರಲಿಲ್ಲ. ಹೇಳಿದಿರಾ ಎಂದು ಹೆಂಡತಿ ಕೇಳುವುದನ್ನು ಬಿಟ್ಟಿದ್ದಳು. ಅವಳು ಕೇಳುತ್ತಿದ್ದರೇ ಒಳ್ಳೆಯದಿತ್ತು. ಅವನು ಹೊರಡುವ ದಿನ ಬೆಳಿಗ್ಗೆ ನಾನು ಸಿಬ್ಬಂದಿಯ ವಸತಿಗೆ ಹೋದೆ. ಅವನು ಗಿಟಾರಿನ ತಂತಿಗಳನ್ನು ಸಡಿಲ ಮಾಡಿ ಪೆಟ್ಟಿಗೆಗೆ ಹಾಕುತ್ತಿದ್ದ. ಎದುರಿನ ಮಂಚ ಖಾಲಿ, ಹಾಸಿಗೆ ಸುತ್ತಿಟ್ಟಿತ್ತು. ಕುಳಿತುಕೊಳ್ಳಲು ಆ ಮಂಚವೊಂದೇ ಇದ್ದುದರಿಂದ ನಾನು ನಿಂತೇ ಹೇಳಿದೆ. ಮಗು ಮಲಗಿದ್ದದ್ದು, ಕಪಾಟು, ಕೀಲಿ, ಗೆರೆಗಳು. ಕೀಲಿಯನ್ನು ತೆಗೆದು ತೋರಿಸಿದೆ ಕೂಡ, ಅವನು ನಂಬಲಿಕ್ಕಿಲ್ಲ ಎಂಬ ಹೆದರಿಕೆಯಿಂದ.

ಅವನು ನಂಬಿದ. ಯಾವಾಗಿನಿಂದ ಎಂದು ಮಾತ್ರ ಕೇಳಿದ. ಮೊದಲ ಚಳಿಗಾಲದಿಂದ ಎಂದೆ. ಅವನು ಪೆಟ್ಟಿಗೆಯ ಮುಚ್ಚಳ ಮುಚ್ಚಿ ಕೊಂಡಿ ಹಾಕಿದ. ಬೈಯುತ್ತಾನೆ, ಹೊಡೆಯುತ್ತಾನೆ, ಮ್ಯಾನೇಜರನ ಬಳಿಗೆ ಎಳೆದುಕೊಂಡು ಹೋಗುತ್ತಾನೆ ಎಂದು ಮೂರಕ್ಕೂ ನಾನು ತಯಾರಾಗಿ ಬಂದಿದ್ದೆ. ಚಿಂತೆಯಲ್ಲಿ ಇಷ್ಟು ವರ್ಷದ ಅನುಭವ ಇದ್ದರೂ ಅವನು ಹೇಳಿದ್ದು ಮಾತ್ರ ನನ್ನ ಪಟ್ಟಿಯಲ್ಲಿ ಇರಲಿಲ್ಲ.

“ಇದನ್ನು ಅವನಿಗೆ ಹೇಳಬೇಡ.”

ಯಾಕೆ ಎಂದೆ. ಈಗಲೇ ಫೋನು ಮಾಡೋಣ, ತಪ್ಪು ನನ್ನದೆಂದು ನಾನೇ ಹೇಳುತ್ತೇನೆ ಎಂದೆ.

“ಅವನು ಜೋರಾಗಿ ಬಾರಿಸಿದ, ಅದಕ್ಕೆ ನಾನು ಹಾಗಂದೆ. ಆ ಕಾರಣವಾದರೂ ಅವನಿಗೆ ಇರಲಿ ಭಾಯಿ,” ಎಂದ. “ಅವನು ಏನೂ ಮಾಡಿರಲಿಲ್ಲ, ಆದರೂ ಆ ಮಾತು ನನ್ನ ಬಾಯಲ್ಲಿ ಇತ್ತು ಅಂತ ಅವನಿಗೆ ಗೊತ್ತಾದರೆ? ಆ ಮಾತನ್ನು ನೀನು ಹಾಕಿಕೊಟ್ಟದ್ದಲ್ಲ.”

ನಾನು ಆಗಲಿ ಎಂದೆ. ಯಾರಾದರೂ ಸುಮ್ಮನಿರು ಎಂದರೆ ಸುಮ್ಮನಿರುವುದರಲ್ಲಿ ನನ್ನಷ್ಟು ಒಳ್ಳೆಯ ನೌಕರ ಸಿಗುವುದು ಕಷ್ಟ. ಅವನ ಸೂಟ್‌ಕೇಸನ್ನು ಟ್ಯಾಕ್ಸಿಯವರೆಗೆ ಹೊತ್ತುಕೊಂಡು ಹೋದೆ. ಗಿಟಾರನ್ನು ನನ್ನ ಕೈಗೆ ಕೊಡಲಿಲ್ಲ.

ಈ ವರ್ಷ ಹೋಟೆಲಿನಲ್ಲಿ ಹಾಡುಗಾರರಿಲ್ಲ. ಮೊನ್ನೆ ಡ್ರಮ್ಮಿನವನಿಂದ ಒಂದು ಮೆಸೇಜು ಬಂತು. ತನ್ನ ಊರಿನ ಗರಗಸದ ಮಿಲ್ಲಿನಲ್ಲಿ ಕೆಲಸಕ್ಕೆ ಸೇರಿದ್ದಾನಂತೆ, ಅಲ್ಲಿ ಕಿವಿ ಮುಚ್ಚಿಕೊಂಡೇ ಕೆಲಸ ಮಾಡಬೇಕಂತೆ. ಡ್ರಮ್ ಮಾರಿದ್ದಾನೆ. ಕೊನೆಗೆ ಬರೆದಿದ್ದ: “ಯೋಚಿಸಿ ನೋಡಿದೆ ಭಾಯಿ. ಅವನು ಹೇಳಿದ್ದು ನಿಜ ಇರಬಹುದು. ಪ್ರಾಯವಾದ ಮೇಲೆ ಕೈಗೆ ಅಂದಾಜು ತಪ್ಪುತ್ತದೆ. ನೀನು ದಿನಾ ಕೇಳುತ್ತಿದ್ದವನು, ನಿನಗೆ ಹೇಗೆ ಅನಿಸುತ್ತಿತ್ತು?”

ನಾನು ಎಲ್ಲವನ್ನೂ ಬರೆದೆ. ಓದಿದೆ. ಗಿಟಾರಿನವನಿಗೆ ಕೊಟ್ಟ ಮಾತು ನೆನಪಾಯಿತು, ಅಥವಾ ನನಗೆ ಬೇಕಾದಾಗ ಸರಿಯಾಗಿ ನೆನಪಾಯಿತು. ಅಳಿಸಿದೆ. ನೀನು ಚೆನ್ನಾಗಿ ಬಾರಿಸುತ್ತಿದ್ದೆ ಎಂದು ಒಂದೇ ಸಾಲು ಕಳಿಸಿದೆ. ಅವನು ಕೂಡಲೇ ಉತ್ತರ ಬರೆದ. ನೀನು ಒಳ್ಳೆಯ ಮನುಷ್ಯ ಭಾಯಿ, ನನಗೆ ಬೇಸರವಾಗದಿರಲೆಂದು ಹಾಗೆ ಹೇಳುತ್ತೀ ಎಂದು.

ಹೆಂಡತಿ ಸೋಫಾದ ಆ ತುದಿಯಲ್ಲಿ ಬಟ್ಟೆ ಮಡಚುತ್ತಿದ್ದಳು. ಯಾರ ಮೆಸೇಜೆಂದು ಅವಳಿಗೆ ಹೇಳಿದ್ದೆ.

“ಬರೆದ್ರಾ?” ಎಂದಳು.

“ಬರೆದೆ,” ಎಂದೆ.